ಬ್ಯಾಡ, ಬಿಡು

ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತೇಳು ನಿಮಿಷ. ಇದು ಅಂದಾಜಿನ ಮಾತಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ನನ್ನದೇ ಅಕ್ಷರದಲ್ಲಿದೆ: ‘10.47. ಬಸ್ಸು ಒಂದು, ಮಸ್ಕಿ ಕಡೆಯಿಂದ ಬಿಟ್ಟೆ.’ ಅದರ ಕೆಳಗೆ ಇನ್ನೊಂದು ಸಾಲು: ‘ಆ ಕಡೆ ಟ್ರ್ಯಾಕ್ಟರ್ ಕೇಳಿದರು. ಬ್ಯಾಡ ಅಂ’. ಅಲ್ಲಿಂದ ಮುಂದೆ ಪೆನ್ನಿನ ಗೀಟು ಪುಟದ ಅಂಚಿನವರೆಗೆ ಜಾರಿದೆ. ‘ಅಂದೆ’ ಎಂದು ಬರೆದು ಮುಗಿಸುವ ಮೊದಲೇ ನಾನು ತಲೆ ಎತ್ತಿದ್ದೆ. ಸೇತುವೆಯ ಉಬ್ಬಿನ ಆಚೆಯಿಂದ ಭತ್ತದ ಹುಲ್ಲಿನ ಬಣವೆಯೊಂದು ಮೇಲೆದ್ದು ಬರುತ್ತಿತ್ತು.

ನಾನು ಲಿಂಗಸುಗೂರಿನಲ್ಲಿ ಬಿ.ಎಸ್ಸಿ. ಮುಗಿಸಿದವಳು. ಭೌತಶಾಸ್ತ್ರ, ಗಣಿತ. ಇಷ್ಟು ಓದಿದವರು ಏರ್ ಟ್ರಾಫಿಕ್ ಕಂಟ್ರೋಲರ್ ಆಗಬಹುದು, ನೆಲದ ಮೇಲೆ ಕುಳಿತು ವಿಮಾನಗಳಿಗೆ ದಾರಿ ಹೇಳಬಹುದು ಎಂದು ಕಾಲೇಜಿನ ಸೀನಿಯರ್ ಒಬ್ಬಳಿಂದ ಗೊತ್ತಾಯಿತು. ನಮ್ಮ ಕಡೆ ವಿಮಾನ ಇಳಿಯುವುದಿಲ್ಲ. ಅಪ್ಪ ಗಣಿಯಲ್ಲಿ ಕೆಲಸ ಮಾಡುವ ಹಟ್ಟಿಯ ಕ್ವಾರ್ಟರ್ಸಿನ ಮೇಲೆ ಅವು ಬಿಳಿ ಗೆರೆ ಎಳೆದುಕೊಂಡು ಹೋಗುತ್ತವೆ, ಅಷ್ಟೇ. ಆ ಗೆರೆಗಳನ್ನು ನೋಡಿ ಆಸೆ ಹುಟ್ಟಿತು ಎಂದರೆ ಸುಳ್ಳಾಗುತ್ತದೆ. ಮಾತನ್ನು ಅಳೆದು ಆಡುವ, ಆಡಿದ ಮಾತು ಒಂದೇ ಅರ್ಥ ಕೊಡುವ ಕೆಲಸ ಅದು ಎಂದು ಓದಿದ್ದೆ. ನನಗೆ ಹಿಡಿಸಿದ್ದು ಅದು.

ಲಿಖಿತ ಪರೀಕ್ಷೆ ಪಾಸಾಯಿತು. ಮುಂದಿನ ಮೆಟ್ಟಿಲು ಧ್ವನಿ ಪರೀಕ್ಷೆ. ತೊದಲದೆ, ತಡವರಿಸದೆ, ಸ್ಪಷ್ಟವಾಗಿ ಮಾತಾಡುತ್ತೇವೆಯೇ ಎಂದು ನೋಡುತ್ತಾರೆ. ಅದರ ತಯಾರಿಗಾಗಿ ನಾನು ಸಿಂಧನೂರಿನ ಒಂದು ತರಗತಿಗೆ ಸೇರಿದ್ದೆ. ಹಟ್ಟಿಯಿಂದ ದಿನಾ ಓಡಾಡುವುದು ದೂರವಾಗುತ್ತದೆಂದು ಮಸ್ಕಿಯಲ್ಲಿ ಸೋದರಮಾವನ ಮನೆಯಲ್ಲಿದ್ದೆ.

ಮಾವ ಆಗ ಒಂದು ಸೇತುವೆ ರಿಪೇರಿಯ ಮೇಸ್ತ್ರಿ. ಮಸ್ಕಿಯಿಂದ ಬಳಗಾನೂರಿನ ಕಡೆ ಹೋಗುವ ದಾರಿಯಲ್ಲಿ ಕಾಲುವೆಯ ಮೇಲಿನ ಹಳೆಯ ಸೇತುವೆ. ಅದರ ಎಡ ಅರ್ಧವನ್ನು ಒಡೆದು ಕಬ್ಬಿಣದ ಸರಳು ಬಿಟ್ಟಿದ್ದರು. ಉಳಿದ ಬಲ ಅರ್ಧದಲ್ಲಿ ಒಂದು ಸಲಕ್ಕೆ ಒಂದೇ ದಿಕ್ಕಿನ ಗಾಡಿ ದಾಟಬೇಕು. ಸೇತುವೆ ನಡುವೆ ಒಂಟೆಯ ಬೆನ್ನಿನಂತೆ ಉಬ್ಬಿದ್ದರಿಂದ ಈ ತುದಿಯವರಿಗೆ ಆ ತುದಿ ಕಾಣುತ್ತಿರಲಿಲ್ಲ. ಎರಡೂ ತುದಿಗೆ ಒಬ್ಬೊಬ್ಬರು, ಕೈಯಲ್ಲಿ ಒಂದೊಂದು ವಾಕಿಟಾಕಿ.

ನಾನೇ ಕೇಳಿದೆ. “ಮಾವ, ಬೆಳಿಗ್ಗಿ ಎರಡ ತಾಸು ನಾ ಹಿಡೀತೀನಿ. ಸಣ್ಣ ಸಣ್ಣ ಮಾತು, ಸ್ಪಷ್ಟ ಆಡೋದು ರೂಢಿ ಆಕ್ಕತಿ.”

ಮಾವ ನಕ್ಕ. “ವಿಮಾನ ಬಿಡಾಕಿ ನೀನು. ಮೊದಲ ಟ್ರ್ಯಾಕ್ಟರ್ ಬಿಟ್ಟು ತೋರ್ಸು ನೋಡೂಣು. ವಿಮಾನಕ್ಕ ಟೇಪ್‌ರಿಕಾರ್ಡ್ ಇರಂಗಿಲ್ಲ, ನಿನ್ನ ಮಾತು ಕೇಳಿಸ್ತದ. ಈ ಟ್ರ್ಯಾಕ್ಟರ್‌ನವ್ರು ಹಾಡು ಹಚ್ಚಿರ್ತಾರ, ಇವ್ರಿಗಿ ಕೇಳಸಾಕ ಗಂಟ್ಲ ಹರಕೋಬೇಕು.”

ಆ ಕಡೆಯ ತುದಿಯಲ್ಲಿದ್ದವರು, ಪೂರ್ವ ಬಂಗಾಳದ ನಿರಾಶ್ರಿತರಿಗೆ ಸರ್ಕಾರ ನೆಲೆ ಕೊಟ್ಟ ಆರ್.ಎಚ್. ಕ್ಯಾಂಪಿನ ಒಬ್ಬ ಹಿರಿಯ ಬಂಗಾಳಿ. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಕೈಗೂಸಾಗಿದ್ದಾಗ ತಾಯಿಯ ಸೊಂಟದಲ್ಲಿ ಇಲ್ಲಿಗೆ ಬಂದವರು. ಗದ್ದೆಯಲ್ಲಿ, ಸಂತೆಯಲ್ಲಿ ಕಲಿತ ಅವರ ಕನ್ನಡ ನನ್ನ ಕನ್ನಡಕ್ಕಿಂತ ಗಟ್ಟಿ. ನಾನು ‘ಗಾಡಿಗಳನ್ನು ಕಳುಹಿಸಲೇ’ ಎಂದು ಪುಸ್ತಕದಂತೆ ಮಾತಾಡಿದ ಮೊದಲ ದಿನ, ಅವರು ವಾಕಿಟಾಕಿಯಲ್ಲೇ ನಕ್ಕಿದ್ದರು: “ಯವ್ವಾ, ನೀ ಹಿಂಗ ಓದಿ ಹೇಳೂದ್ರಾಗ ಎಮ್ಮಿ ದಾಟಿ ಹೊಕ್ಕಾವು. ಬಿಡ್ಲಾ ಅನ್ನು. ನಾ ಬಿಡು ಅಂತೀನಿ. ಮುಗೀತು.”

ಹಾಗೆ ನಮ್ಮ ಎರಡು ಮಾತುಗಳು ಗಟ್ಟಿಯಾದವು. ಕೇಳುವವರು ‘ಬಿಡ್ಲಾ?’ ಎನ್ನಬೇಕು. ದಾರಿ ಖಾಲಿಯಿದ್ದರೆ ಇನ್ನೊಬ್ಬರು ‘ಬಿಡು’ ಎನ್ನಬೇಕು. ಆರು ದಿನ ಹೀಗೆ ನಡೆಯಿತು. ನಾನು ಪ್ರತಿ ಗಾಡಿಯನ್ನೂ ಸಮಯದೊಂದಿಗೆ ಬರೆದಿಡುತ್ತಿದ್ದೆ. ಕಂಟ್ರೋಲರುಗಳು ಎಲ್ಲವನ್ನೂ ದಾಖಲಿಸುತ್ತಾರೆಂದು ಓದಿದ್ದೆನಲ್ಲ, ಅದಕ್ಕೆ. ಮಾವನಿಗೆ ಅದೊಂದು ತಮಾಷೆ. ಚಹಾ ತರುವವರಿಗೆಲ್ಲ “ನಮ್ಮ ಹುಡುಗಿ ಎಮ್ಮಿಗೂ ಟೈಮ್ ಬರೀತಾಳ” ಎಂದು ಹೇಳುತ್ತಿದ್ದ.

ಏಳನೆಯ ದಿನ ಆ ಮಂಗಳವಾರ.

ಸಿಂಧನೂರಿಗೆ ಹೋಗುವ ಬಸ್ಸು ಬಂದು ನಿಂತಿತು. “ಬಿಡ್ಲಾ?” ಎಂದೆ. “ಬಿಡು” ಎಂದರು ಕಾಕಾ. ಬಸ್ಸು ಬಿಟ್ಟೆ. ಬರೆದೆ. ಬಸ್ಸು ಇನ್ನೂ ಉಬ್ಬು ಏರುತ್ತಿತ್ತು, ಅಷ್ಟರಲ್ಲಿ ವಾಕಿಟಾಕಿ ಗೊರಗೊರ ಎಂದಿತು. ಆ ಕಡೆ ಯಾರೋ ಹಾರ್ನ್ ಒತ್ತಿ ಹಿಡಿದಿದ್ದರು. “ಟ್ರ್ಯಾಕ್ಟರ್‌ನವ ಒದರಾಕತ್ತಾನ. ಬಸ್ ಇನ್ನೂ ಕಾಣವಲ್ದು, ಅಲ್ಲೇ ನಿಂತೇತೇನು? ಬಿಡ್ಲಾ?” ಎಂದರು ಕಾಕಾ.

ಪೆನ್ನು ಹಿಡಿದ ಕೈಯಲ್ಲೇ ವಾಕಿಟಾಕಿ ಎತ್ತಿಕೊಂಡು ನಾನು ಹೇಳಿದೆ: “ಬ್ಯಾಡ, ಬಿಡು.”

ನಮ್ಮ ಮನೆಗಳಲ್ಲಿ ದಿನಕ್ಕೆ ನೂರು ಸಲ ಆಡುವ ಮಾತು. ಇನ್ನೊಂದು ರೊಟ್ಟಿ ಹಾಕಲೇ ಎಂದರೆ ಬ್ಯಾಡ ಬಿಡು. ಇವತ್ತು ಹೋಗೋಣವೇ ಎಂದರೆ ಬ್ಯಾಡ ಬಿಡು. ಅಲ್ಲಿ ‘ಬಿಡು’ವಿಗೆ ಅರ್ಥವೇ ಇಲ್ಲ, ‘ಬ್ಯಾಡ’ ಒರಟಾಗಿ ಕೇಳಬಾರದೆಂದು ಅದರ ಹಿಂದೆ ಇಡುವ ದಿಂಬು ಅದು.

ಆದರೆ ವಾಕಿಟಾಕಿಯ ಗುಂಡಿಯನ್ನು ಪೂರ್ತಿ ಒತ್ತಿ, ಅರೆಕ್ಷಣ ತಡೆದು ಮಾತಾಡಬೇಕು. ಒತ್ತುತ್ತಲೇ ಬಾಯಿ ತೆರೆದರೆ ಮೊದಲ ಪದವನ್ನು ಅದು ನುಂಗುತ್ತದೆ. ಇದು ನನಗೆ ಗೊತ್ತಿತ್ತು. ಪರೀಕ್ಷೆಗೆ ಓದುವಾಗ ಅಡಿಗೆರೆ ಎಳೆದಿದ್ದ ಸಾಲು ಅದು. ಆ ಕಡೆ ಹಾರ್ನ್ ಸದ್ದಿನಲ್ಲಿ ನಿಂತಿದ್ದ ಕಾಕಾನ ಕಿವಿಗೆ ತಲುಪಿದ್ದು ಒಂದೇ ಪದ: ಬಿಡು.

ಅವರು “ಹೂಂ” ಎಂದರು. ನಾನು ನೆಮ್ಮದಿಯಿಂದ ಬರೆಯಲು ಶುರುಮಾಡಿದೆ.

ಹುಲ್ಲಿನ ಬಣವೆ ಕಂಡಾಗ ನಾನು ಗುಂಡಿ ಒತ್ತಿದೆ. ಒತ್ತಿದೆ, ಆದರೆ ಮಾತು ಬರಲಿಲ್ಲ. ಬೆರಳನ್ನು ಎತ್ತಲೂ ಇಲ್ಲ. ಒಬ್ಬರು ಒತ್ತಿ ಹಿಡಿದಿರುವವರೆಗೆ ಇನ್ನೊಬ್ಬರ ದನಿ ಬರುವುದಿಲ್ಲ. ಆ ಹೊತ್ತಿನಲ್ಲಿ ಕಾಕಾ ನನ್ನನ್ನು ಕೂಗುತ್ತಲೇ ಇದ್ದರಂತೆ. ನನ್ನ ಧ್ವನಿಯೂ ಇಲ್ಲ, ಅವರ ಧ್ವನಿಯೂ ಇಲ್ಲ. ಧ್ವನಿ ಪರೀಕ್ಷೆಗೆ ತಯಾರಾಗುತ್ತಿದ್ದವಳು ನಾನು.

ಬಸ್ಸಿನ ಚಾಲಕ ಎಡಕ್ಕೆ ತಿರುಗಿಸಿದ. ತಿರುಗಿಸದಿದ್ದರೆ ಟ್ರ್ಯಾಕ್ಟರಿಗೆ ಎದೆ ಕೊಡಬೇಕಿತ್ತು. ಮುಂದಿನ ಎಡಗಾಲಿ ಒಡೆದ ಭಾಗಕ್ಕೆ ಇಳಿದು ಕಬ್ಬಿಣದ ಸರಳುಗಳ ಮೇಲೆ ಕುಳಿತಿತು. ಸರಳಿನ ಕೆಳಗೆ ತುಂಬಿ ಹರಿಯುವ ಕಾಲುವೆ. ಬಸ್ಸಿನ ಬಾಗಿಲು ಎಡಕ್ಕೆ. ಎಡಕ್ಕೆ ನೆಲವೇ ಇರಲಿಲ್ಲ. ಬಲಕ್ಕೆ ಕಿಟಕಿಗಳಿಗೆ ಒತ್ತಿಕೊಂಡು ಹುಲ್ಲು. ಟ್ರೈಲರ್ ಕಟ್ಟಿದ ಟ್ರ್ಯಾಕ್ಟರನ್ನು ಆ ಏರಿನಲ್ಲಿ ಹಿಂದಕ್ಕೆ ತೆಗೆಯುವಂತಿರಲಿಲ್ಲ.

ನಾನು ಬಸ್ಸಿನ ಹಿಂಬದಿಗೆ ಓಡಿದೆ. ಒಳಗಿನವರು ತುರ್ತು ಬಾಗಿಲು ತೆರೆದಿದ್ದರು. ಕೊನೆಯ ಸೀಟಿನಲ್ಲಿದ್ದ ಒಬ್ಬ ಹೆಂಗಸು ಕೆಳಗೆ ಕಾಲಿಡಲು ಮುಂದಾದಳು. ಆಗ ಹುಲ್ಲಿನ ಟ್ರೈಲರಿನ ಅಡಿಯಿಂದ ತೆವಳಿಕೊಂಡು, ಮೈಯೆಲ್ಲ ಮಣ್ಣಾಗಿ ಕಾಕಾ ಈ ಕಡೆಗೆ ಬಂದರು.

“ಯಾರೂ ಇಳೀಬ್ಯಾಡ್ರಿ! ಹಿಂದಿನವ್ರು ಕುಂತಲ್ಲೇ ಕುಂದರ್ರಿ! ಮುಂದಿನವ್ರು ಮೊದಲ ಬರ್ರಿ, ಒಬ್ಬೊಬ್ಬರ!”

ಯಾಕೆಂದು ನನಗೆ ತಕ್ಷಣ ತಿಳಿಯಿತು. ಹಿಂದೆ ಕುಳಿತವರ ಭಾರವೇ ಬಸ್ಸನ್ನು ಹಿಡಿದು ನಿಲ್ಲಿಸಿತ್ತು. ಅವರು ಇಳಿದರೆ ಮೂತಿ ಕಾಲುವೆಗೆ. ಇದಕ್ಕೇ ನಾನು ಪರೀಕ್ಷೆಯಲ್ಲಿ ತಕ್ಕಡಿಯ ಚಿತ್ರ ಬರೆದು ಅಂಕ ತೆಗೆದುಕೊಂಡಿದ್ದೆ. ಕಾಕಾ ಬರೀ ನೋಡಿ ಹೇಳಿದರು. ಮುಂದಿನವರು ಸೀಟು ಹಿಡಿದುಕೊಂಡು ಒಬ್ಬೊಬ್ಬರೇ ಹಿಂದಕ್ಕೆ ಬಂದು ಇಳಿದರು. ನಾನು ಕೈ ಕೊಟ್ಟೆ. ಪ್ರತಿಯೊಬ್ಬರು ಇಳಿದಾಗಲೂ ಸರಳುಗಳು ಕಿರ್ ಎನ್ನುತ್ತಿದ್ದವು.

ಆ ಕೊನೆಯ ಸೀಟಿನ ಹೆಂಗಸು ತೆರೆದ ಬಾಗಿಲ ಪಕ್ಕದಲ್ಲೇ, ಒಂದು ಹೆಜ್ಜೆಯಲ್ಲಿ ನೆಲ ಇರುವಾಗ, ಎಲ್ಲರೂ ಇಳಿಯುವವರೆಗೆ ಕುಳಿತಿರಬೇಕಾಯಿತು. ಅವಳು ನನ್ನನ್ನೇ ನೋಡುತ್ತಿದ್ದಳು. “ನೀನ ಅಲ್ಲೇನು ನಮ್ಮನ್ನ ಬಿಟ್ಟಾಕಿ?” ಎಂದಳು. ಸ್ವಲ್ಪ ಹೊತ್ತಿಗೆ, ಸಿಟ್ಟಿಲ್ಲದೆ, “ಈಗರ ಬಿಡ್ತೀಯೇನವಾ?” ಎಂದಳು.

ಕೊನೆಗೆ ಎಲ್ಲರೂ ಇಳಿದರು. ಬಸ್ಸು ಬೀಳಲಿಲ್ಲ. ಬ್ರೇಕ್ ಹಾಕಿದಾಗ ಕಂಬಿಗೆ ಬಡಿದು ಒಬ್ಬಳ ಕೈ ಮುರಿದಿತ್ತು. ಅವಳನ್ನು ಲಿಂಗಸುಗೂರಿನ ಆಸ್ಪತ್ರೆಗೆ ಕಳಿಸಿದರು. ಅಷ್ಟೇ ಎಂದು ಎಲ್ಲರೂ ಹೇಳುತ್ತಾರೆ. ಅಷ್ಟೇ.

ಪೊಲೀಸರು ಬರುವ ಮೊದಲು ಮಾವ ನನ್ನ ಕೈಯಿಂದ ವಾಕಿಟಾಕಿ ಕಿತ್ತುಕೊಂಡ. “ನೀ ಇಲ್ಲಿದ್ದಿದ್ದಿಲ್ಲ. ತಿಳೀತಿಲ್ಲೋ? ನಾ ಹಿಡಕೊಂಡಿದ್ದೆ. ನಾ ಬ್ಯಾಡ ಅಂದೀನಿ, ಮುದುಕ ಬಿಟ್ಟಾನ.”

“ಮಾವ, ನಾ ಅಂದದ್ದು...”

“ಸರ್ಕಾರಿ ನೌಕರಿಗೆ ಪೊಲೀಸ್ ವಿಚಾರಣಿ ಮಾಡ್ತಾರ. ಹೆಸರು ಒಮ್ಮಿ ಬಂತಂದ್ರ ಮುಗೀತು. ಬಾಯಿ ಮುಚ್ಚಿಕೊಂಡು ಮನಿಗಿ ಹೋಗು.”

ನಾನು ಹೋದೆ. ಕಾಲುವೆಯ ಏರಿ ಹಿಡಿದು, ನೋಟ್‌ಬುಕ್ಕನ್ನು ದುಪಟ್ಟಾದೊಳಗೆ ಮುಚ್ಚಿಕೊಂಡು ಹೋದೆ.

ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ‘ಬಂಗಾಳಿ ಮುದುಕಗ ಕಿವಿ ಕೇಳಂಗಿಲ್ಲ, ಕನ್ನಡ ಬರಂಗಿಲ್ಲ. ಬ್ಯಾಡ ಅಂದ್ರ ಬಿಡು ಅಂತ ತಿಳಕೊಂಡಾನ.’ ಹಾಲು ಹಾಕುವವನೂ ಹೇಳಿದ, ಪಕ್ಕದ ಮನೆಯವರೂ ಹೇಳಿದರು. ಕಾಕಾನನ್ನು ಕೆಲಸದಿಂದ ತೆಗೆದರು. ಇಡೀ ತಾಲ್ಲೂಕಿನಲ್ಲಿ ಆ ಮಾತನ್ನು ನೂರಕ್ಕೆ ನೂರು ಸರಿಯಾಗಿ ಕೇಳಿಸಿಕೊಂಡಿದ್ದ ಮನುಷ್ಯ ಅವರೊಬ್ಬರೇ.

ಅಂದಿನಿಂದ ನನ್ನ ನಿದ್ದೆ ಹೋಯಿತು. ಕಣ್ಣು ಹತ್ತಿದೊಡನೆ ಕಿವಿಯ ಹತ್ತಿರ ಯಾರೋ ‘ಹೂಂ’ ಎನ್ನುತ್ತಿದ್ದರು, ಎದ್ದು ಕೂರುತ್ತಿದ್ದೆ. ಧ್ವನಿ ಪರೀಕ್ಷೆಯ ಪತ್ರ ಬಂತು. ಸಿಂಧನೂರಿನ ಕಂಪ್ಯೂಟರ್ ಅಂಗಡಿಯಲ್ಲಿ ಅದನ್ನು ಪ್ರಿಂಟ್ ತೆಗೆಸಿದೆ, ಖುಷಿಯಾಗಲಿಲ್ಲ. ತರಗತಿಯಲ್ಲಿ ಎದ್ದು ನಿಂತರೆ ನನ್ನ ಮೊದಲ ಪದ ಹೊರಡುತ್ತಿರಲಿಲ್ಲ. ಎರಡನೆಯದರಿಂದ ಶುರುವಾಗುತ್ತಿತ್ತು.

ಸಮಾಧಾನ ಹೇಳಲು ಬಂದವರೆಲ್ಲ ಒಂದೇ ಮಾತು ಆಡುತ್ತಿದ್ದರು. ಅತ್ತೆ, “ಆದದ್ದು ಆತು, ಬಿಡು.” ಮಾವ, “ಯಾರೂ ಸತ್ತಿಲ್ಲ ಬಿಡು.” ಫೋನಿನಲ್ಲಿ ಅಮ್ಮ, “ತಲಿಯಾಗಿಂದ ತಗದು ಬಿಡವಾ.” ಕನ್ನಡದಲ್ಲಿ ಸಮಾಧಾನಕ್ಕೆ ಬೇರೆ ಪದವೇ ಇಲ್ಲವೇನೋ. ಪ್ರತಿ ಸಲವೂ ಉಬ್ಬಿನ ಮೇಲೆ ಹುಲ್ಲು ಕಾಣಿಸುತ್ತಿತ್ತು. ತುರ್ತು ಬಾಗಿಲ ಪಕ್ಕದ ಆ ಹೆಂಗಸಿನಂತೆ ನಾನೂ ಕುಳಿತಿದ್ದೆ. ಬಾಗಿಲು ತೆರೆದಿತ್ತು. ನಾನು ಎದ್ದರೆ ಮಾವನ ಕೆಲಸ ಹೋಗುತ್ತದೆ, ನನ್ನದು ಸಿಗುವ ಮೊದಲೇ ಹೋಗುತ್ತದೆ. ಏಳದಿದ್ದರೆ ಕಾಕಾನ ಹೆಸರಿನ ಮೇಲೆ ಕುಳಿತೇ ಇರಬೇಕು.

ಮೂರನೆಯ ವಾರ ಹಟ್ಟಿಗೆ ಹೋದೆ. ಅಪ್ಪ ಬೆಳಗಿನ ಪಾಳಿ ಮುಗಿಸಿ ಬಂದು ಊಟಕ್ಕೆ ಕುಳಿತಿದ್ದ. ಹೆಚ್ಚು ಮಾತಿನವನಲ್ಲ. ನಾನು ಎಲ್ಲವನ್ನೂ ಹೇಳಿದೆ. ಅವನು ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದ.

“ಅವ ತಿರುಗಿ ಏನಂದ?”

“ಹೂಂ ಅಂದ್ರು.”

“ಹೂಂ ಅನ್ನೋದು ಮಾತಲ್ಲವಾ.” ರೊಟ್ಟಿ ಮುರಿಯುತ್ತಾ ಹೇಳಿದ: “ನಾವು ಗಣ್ಯಾಗ ಕೆಳಗ, ಲಿಫ್ಟಿನ ಪಂಜರದಾಗ ನಿಂತು ಗಂಟಿ ಹೊಡೀತೀವಿ. ಮ್ಯಾಲಿನವ ಅಷ್ಟ ಗಂಟಿ ತಿರುಗಿ ಹೊಡೀಬೇಕು. ನಾವು ಮೂರು ಹೊಡದು, ಅವ ಎರಡು ಹೊಡದ್ರ ಪಂಜರ ಹಂದ್ಯಾಡಂಗಿಲ್ಲ. ಇಷ್ಟು ವರ್ಷ ನಾ ಮ್ಯಾಲ ಬಂದೀನಂದ್ರ ಹಂಗ ಬಂದೀನಿ. ನೀ ಹೂಂಗ ಒಪ್ಪಿದಿ. ಅದು ನಿನ್ನ ತಪ್ಪು. ಅವನ್ದಲ್ಲ.”

ವಿಚಿತ್ರವೆಂದರೆ, ‘ನಿನ್ನ ತಪ್ಪು’ ಎಂದು ಒಬ್ಬರಾದರೂ ಹೇಳಿದ್ದಕ್ಕೆ ನನಗೆ ಉಸಿರು ಸರಾಗವಾಯಿತು. ಹೇಳಿದ ಮಾತನ್ನು ಕೇಳಿದವರು ತಿರುಗಿ ಹೇಳಬೇಕು ಎಂಬುದು ನಾನು ಸೇರಬೇಕೆಂದಿದ್ದ ಕೆಲಸದ ಮೊದಲ ಪಾಠ. ಅದನ್ನು ನಾನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದೆ. ಅಪ್ಪ ದಿನಾ ಅದರ ಮೇಲೆ ಜೀವ ಇಟ್ಟು ಇಳಿಯುತ್ತಿದ್ದ.

“ಮತ್ತ ನೌಕರಿ?” ಎಂದೆ.

“ಸುಳ್ಳು ಹೇಳಿ ಆ ಕುರ್ಚಿಮ್ಯಾಲ ಕುಂತು, ಇಮಾನಕ್ಕ ಏನಂತ ದಾರಿ ಹೇಳ್ತೀ?” ಎಂದು ಕೈ ತೊಳೆಯಲು ಎದ್ದ.

ಮಾರನೆಯ ದಿನ ಒಬ್ಬಳೇ ಕ್ಯಾಂಪಿಗೆ ಹೋದೆ. ಕಾಕಾ ಮನೆಯ ಮುಂದೆ ಮೀನಿನ ಬಲೆ ಹೊಲಿಯುತ್ತಿದ್ದರು. ನನ್ನನ್ನು ನೋಡಿಯೂ ಏಳಲಿಲ್ಲ. ಅವರ ಹೆಂಡತಿ ಬಾಗಿಲಿಗೆ ಬಂದು ಬಂಗಾಳಿಯಲ್ಲಿ ಏನೋ ಜೋರಾಗಿ ಕೂಗಿದಳು.

“ಕೇಳಿದೇನು?” ಎಂದರು ಕಾಕಾ. “ಯಾರೋ ಬಂದಾರ ಅಂತ ಹೇಳಾಕತ್ತಾಳ. ನಾಕು ಮಾರು ದೂರದಿಂದ ಒದರ್ತಾಳ. ಎಲ್ಲಾರೂ ಕಿವುಡ ಅಂದು ಅಂದು ಮನ್ಯಾಗೂ ಕಿವುಡ ಮಾಡ್ಯಾರ. ಸಿಂಧನೂರಿಗಿ ಹೋಗಿ ಕಿವಿ ತೋರ್ಸಿಕೊಂಡು ಬಂದೆ. ಡಾಕ್ಟರು ಕಿವಿ ಚಲೋ ಐತಿ ಅಂದ. ಕಿವಿ ಚಲೋ ಇದ್ರ ತಲಿ ಕೆಟ್ಟಿರಬೇಕು, ಹೌದಿಲ್ಲೋ?”

ನಾನು ನೋಟ್‌ಬುಕ್ ತೆರೆದು ಅವರ ಮುಂದಿಟ್ಟೆ. “ನಾ ಅಂದದ್ದು ‘ಬ್ಯಾಡ, ಬಿಡು’ ಕಾಕಾ. ಗುಂಡಿ ಒತ್ತೂದ್ರಾಗ ಅವಸರ ಮಾಡಿದೆ. ‘ಬ್ಯಾಡ’ ಹೋಗಿಲ್ಲ. ನಿಮಗ ‘ಬಿಡು’ ಅಷ್ಟ ಬಂದೈತಿ.”

ಅವರ ಕೈ ಬಲೆಯ ಮೇಲೆ ನಿಂತಿತು. “ಅಂದ್ರ ನೀ ‘ಬಿಡು’ ಅಂದದ್ದು ಖರೇನ?”

“ಖರೇ.”

“ನಾ ಕೇಳಿದ್ದು ಖರೇ?”

“ಖರೇ ಕಾಕಾ.”

ಅವರು ಒಳಗೆ ತಿರುಗಿ ಹೆಂಡತಿಗೆ ಬಂಗಾಳಿಯಲ್ಲಿ ಏನೋ ಹೇಳಿದರು, ಮೆಲ್ಲಗೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಳಿತಳು. ಆಮೇಲೆ ಕಾಕಾ ನನ್ನ ಕಡೆ ತಿರುಗಿದರು. ಆಗ ಅವರಿಗೆ ಸಿಟ್ಟು ಬಂತು. “ಮೂರು ವಾರ! ಮೂರು ವಾರ ಈ ವಹಿ ಮನ್ಯಾಗ ಇಟ್ಟುಕೊಂಡು ಕುಂತಿದ್ದೇನು ನೀನು? ನನ್ನ ಮೊಮ್ಮಗಳು ಸಾಲ್ಯಾಗ ಕನ್ನಡಕ್ಕ ಫಸ್ಟ್ ಬರ್ತಾಳ. ‘ನಿಮ್ಮಜ್ಜಗ ಕನ್ನಡ ಬರಂಗಿಲ್ಲ’ ಅಂತ ಅಕಿಗಿ ಅಂತಾರ.”

ಅವರು ಚಹಾ ಕೊಡಲಿಲ್ಲ. ಕೊಡಲಿ ಎಂದು ನಾನೂ ಬಯಸಲಿಲ್ಲ. ಹೊರಟಾಗ ಮಾತ್ರ, “ಬರೀ ನನಗ ಹೇಳಿ ಹೋದ್ರ ಆಗಂಗಿಲ್ಲ” ಎಂದರು.

ಅದೇ ವಾರ ಅಪ್ಪನ ಜೊತೆ ಮಸ್ಕಿಯ ಪೊಲೀಸ್ ಠಾಣೆಗೆ ಹೋಗಿ ಹೇಳಿಕೆ ಬರೆಸಿದೆ. ಬರೆದುಕೊಳ್ಳುತ್ತಿದ್ದವರು ನಡುವೆ ಪೆನ್ನು ನಿಲ್ಲಿಸಿದರು. “ತಂಗಿ, ಬ್ಯಾಡ ಬಿಡು ಅಂದ್ರ ಬ್ಯಾಡ ಅಂತ ಬರೀಲೋ, ಬಿಡು ಅಂತ ಬರೀಲೋ?”

“ಎರಡೂ ಬರೀರಿ ಸರ್. ಅದ ಕೇಸು.”

ಅವರು ಪಕ್ಕದ ಮೇಜಿನವರ ಕಡೆ ನೋಡಿದರು. ಆ ಮೇಜಿನವರು, “ನಾವೂ ದಿನಾ ಅದನ್ನ ಅಂತೀವಲ್ರೀ” ಎಂದರು. ಯಾರೂ ನಗಲಿಲ್ಲ. ನೋಟ್‌ಬುಕ್ಕನ್ನು ಅವರೇ ಇಟ್ಟುಕೊಂಡರು. ಆ ಪುಟದ ಫೋಟೋ ಮಾತ್ರ ನನ್ನ ಫೋನಿನಲ್ಲಿದೆ.

ಮಾವನನ್ನು ಆ ಕೆಲಸದಿಂದ ತೆಗೆದು ಬೇರೆಲ್ಲೋ ಹಾಕಿದರು. ಅವನು ನನ್ನ ಸಾಮಾನನ್ನು ಒಂದು ಚೀಲದಲ್ಲಿ ತುಂಬಿ ಹಟ್ಟಿಯ ಬಸ್ಸಿಗೆ ಹಾಕಿ ಕಳಿಸಿದ. ಇವತ್ತಿನವರೆಗೆ ನನ್ನೊಂದಿಗೆ ಮಾತಾಡಿಲ್ಲ. ನನ್ನ ಮೇಲೆ ಏನಾಗುತ್ತದೋ, ಆ ಹೇಳಿಕೆ ಯಾವ ಕಡತದ ಜೊತೆ ಎಲ್ಲಿಗೆ ಹೋಗುತ್ತದೋ, ಗೊತ್ತಿಲ್ಲ. ನಿದ್ದೆ ಮಾತ್ರ ಆಗಲೂ ಬರಲಿಲ್ಲ. ನಿಜ ಹೇಳಿದ ದಿನವೇ ನಿದ್ದೆ ಬರುತ್ತದೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ.

ಧ್ವನಿ ಪರೀಕ್ಷೆಗೆ ಹೋಗಿ ಬಂದೆ. ಅವರು ಕೊಟ್ಟ ಪುಟವನ್ನು ಓದುವ ಮೊದಲು ನಾನು ಅರೆಕ್ಷಣ ತಡೆದೆ. ಎದುರಿಗಿದ್ದವರು ಅದನ್ನು ಅಳುಕು ಎಂದುಕೊಂಡರೋ ಏನೋ. ಮೊದಲ ಪದ ಹೊರಟಿತು. ಫಲಿತಾಂಶ ಇನ್ನೂ ಬಂದಿಲ್ಲ.

ವಾಪಸ್ಸು ಬಂದ ವಾರ, ಒಂದು ಗುರುವಾರ, ತರಗತಿಯಲ್ಲಿ ಉಳಿದಿದ್ದ ನನ್ನ ಪುಸ್ತಕಗಳನ್ನು ತರಲು ಸಿಂಧನೂರಿಗೆ ಹೊರಟೆ. ಬೇರೆ ದಾರಿಯಿತ್ತು. ಆದರೂ ಮಸ್ಕಿಯಲ್ಲಿ ಇಳಿದು ಬಳಗಾನೂರಿನ ಮೇಲೆ ಹೋಗುವ ಬಸ್ಸನ್ನೇ ಹತ್ತಿ, ಕೊನೆಯ ಸೀಟಿನಲ್ಲಿ ತುರ್ತು ಬಾಗಿಲ ಪಕ್ಕ ಕುಳಿತೆ. ಸೇತುವೆಯ ಕೆಲಸ ಇನ್ನೂ ನಡೆದಿತ್ತು. ಬಸ್ಸು ನಿಂತಿತು. ಈ ತುದಿಯಲ್ಲಿ ನನಗೆ ಗೊತ್ತಿಲ್ಲದ ಒಬ್ಬ ಹೆಣ್ಣಾಳು ಗುಂಡಿ ಒತ್ತಿ, ತಡೆದು, ಮಾತಾಡಿದಳು: “ಬಸ್ಸು ಒಂದು. ಕಳಸ್ಲಾ?”

ವಾಕಿಟಾಕಿಯಿಂದ ಬಂದ ಧ್ವನಿ ನನಗೆ ಗೊತ್ತಿತ್ತು. ಅವರನ್ನು ಮತ್ತೆ ಕರೆಸಿಕೊಂಡಿದ್ದರು.

“ಬಸ್ಸು ಒಂದು. ಕಳಸು. ಈ ಕಡಿ ಎಲ್ಲಾ ನಿಂತಾವ.”

“ಕಳಸು ಅಂದ್ರಿ. ಆ ಕಡಿ ಎಲ್ಲಾ ನಿಂತಾವ. ಬಸ್ಸು ಒಂದು ಕಳಸಾಕತ್ತೀನಿ.”

‘ಬಿಡು’ ಎಂಬ ಮಾತು ಎಲ್ಲೂ ಇರಲಿಲ್ಲ. ಯಾರು ಬದಲಿಸಿದರೆಂದು ಕೇಳಬೇಕಾಗಿರಲಿಲ್ಲ. ಬಸ್ಸು ಉಬ್ಬು ಏರಿತು. ನನ್ನ ಕೈ ತುರ್ತು ಬಾಗಿಲ ಹಿಡಿಕೆಯ ಮೇಲಿತ್ತು. ಉಬ್ಬಿನ ಆಚೆ ಕಂಡದ್ದು ಖಾಲಿ ದಾರಿ, ಅದರ ಕೊನೆಯಲ್ಲಿ ಕೆಂಪು ಬಟ್ಟೆ ಹಿಡಿದು ಸಾಲುಗಾಡಿಗಳನ್ನು ತಡೆದು ನಿಂತ ಕಾಕಾ. ಬಸ್ಸು ಪಕ್ಕದಲ್ಲಿ ಹಾಯುವಾಗ ಕಿಟಕಿಯಲ್ಲಿ ನನ್ನನ್ನು ನೋಡಿದರು. ಕೈ ಬೀಸಲಿಲ್ಲ, ನಗಲಿಲ್ಲ. ವಾಕಿಟಾಕಿ ಬಾಯಿಗೆ ಹಿಡಿದು, ನನಗೂ ಕೇಳುವಷ್ಟು ಜೋರಾಗಿ ಹೇಳಿದರು: “ಬಸ್ಸು ಒಂದು, ದಾಟೇತಿ.”

ನನ್ನ ಬಾಯಲ್ಲಿ ತಾನಾಗಿ ಬಂತು: ಬಸ್ಸು ಒಂದು, ದಾಟೇತಿ.

ಅಂದು ಹಟ್ಟಿಗೆ ಮರಳಿ, ಉಂಡು ಮಲಗಿದೆ. ಎಚ್ಚರವಾದಾಗ ಬೆಳಗಾಗಿತ್ತು. ಅಪ್ಪ ಪಾಳಿಗೆ ಹೋಗಿಯಾಗಿತ್ತು.